ಐದನೇ ತರಗತಿ ಕೂಗುತ್ತಿದ್ದ ಹೆಸರು

ಕಾಲಿಪಾಳ ಬಾಯಿಗೆ ಬೀಗವಿಲ್ಲ ಎಂಬ ಮಾತಿಗೆ ಕೋಕ್-ಬುಲುಂಗ್ ಊರಿನಲ್ಲಿ ಎರಡು ಅಭಿಪ್ರಾಯವಿಲ್ಲ. ಅಲ್ಲಿನ ಮ್ಯೂಸಿಯಂನಲ್ಲಿ ಬಂದವರಿಗೆಲ್ಲ ವಿವರಿಸಿ ಹೇಳುವುದೇ ಮೂವತ್ತೈದು ವರ್ಷದ ಕೆಲಸವಾದವಳಿಗೆ ಬೀಗ ಇಟ್ಟುಕೊಂಡು ಆಗಬೇಕಾದದ್ದಾದರೂ ಏನು? ಹಳೆಯ ಕಲ್ಲಿನ ಬೊಂಬೆಯ ಮುಂದೆ ನಿಲ್ಲಿಸಿದರೆ ಕಾಲು ಗಂಟೆ, ಬೇಟೆಯ ಹದ್ದಿಗೆ ತೊಡಿಸುವ ಚರ್ಮದ ಕುಲಾವಿಯ ಮುಂದೆ ಇನ್ನೊಂದು ಕಾಲು ಗಂಟೆ. ಚಳಿಗಾಲದಲ್ಲಿ ಒಲೆ ಆರಿ ಕೋಣೆ ಕೊರೆಯುತ್ತಿದ್ದರೆ ಕೇಳುವವರ ಮೂಗು ಕೆಂಪಾಗುತ್ತಿತ್ತೇ ಹೊರತು ಅವಳ ಮಾತು ಮೊಟಕಾಗುತ್ತಿರಲಿಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂಬ ಗಾದೆ ಅವಳನ್ನು ನೋಡಿಯೇ ಹುಟ್ಟಿರಬೇಕು.

ಆದರೆ ಇಂಥ ಕಾಲಿಪಾಳ ಬಾಯಿಂದ ಒಂದು ಸಲವೂ ಹೊರಬೀಳದ ಒಂಬತ್ತು ಹೆಸರುಗಳಿದ್ದವು. ಮಾವನದು ಒಂದು, ಮಾವನ ಅಪ್ಪನದು ಒಂದು, ಮಾವನ ತಮ್ಮಂದಿರವು ಮೂರು, ಗಂಡನ ಅಣ್ಣಂದಿರವು ನಾಲ್ಕು. ಆ ನಾಡಿನಲ್ಲಿ ಸೊಸೆಯಾಗಿ ಬಂದವಳು ಗಂಡನ ಮನೆಯ ಹಿರಿಯ ಗಂಡಸರ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. 'ಎತ್ತರದವರು', 'ಕುದುರೆಯವರು', 'ನಡುಮನೆಯವರು' ಎಂದು ಏನಾದರೊಂದು ಹೇಳಿ ಜೀವನ ಸಾಗಿಸುತ್ತಾಳೆ. ಈಗಿನ ಹುಡುಗಿಯರು ಇದನ್ನೆಲ್ಲ ಲೆಕ್ಕಕ್ಕೆ ಇಡುವುದಿಲ್ಲ, ಅವರನ್ನು ಯಾರೂ ಏನೂ ಅನ್ನುವುದೂ ಇಲ್ಲ. ಕಾಲಿಪಾ ಸೇರಿದ್ದು ಊರೆಲ್ಲ ಬುರುಲ್ ಅಪಾ, ಅಂದರೆ ಬುರುಲಮ್ಮ, ಎನ್ನುತ್ತಿದ್ದ ಅತ್ತೆಯ ಮನೆ. ಅಲ್ಲಿ 'ಈಗಿನವರು' ಎಂಬ ಮಾತಿಗೆ ಹೊಸ್ತಿಲ ಒಳಗೆ ಪ್ರವೇಶವೇ ಇರಲಿಲ್ಲ.

ಈ ಕಥೆ ಆ ಒಂಬತ್ತರಲ್ಲಿ ಒಂದು ಹೆಸರಿನದು, ಮಾವನ ಅಪ್ಪನದು. ಹೆಸರು ನಮಗೂ ಗೊತ್ತು. ಆದರೆ ಮನೆಯ ಸೊಸೆಯೇ ಹೇಳದಿರುವಾಗ ದಾರಿಹೋಕರಾದ ನಾವು ಮುಂದಾಗಿ ಒದರುವುದು ಮರ್ಯಾದೆಯಲ್ಲ. ಅವಳು ಕರೆಯುತ್ತಿದ್ದಂತೆ ನಾವೂ 'ದೊಡ್ಡವರು' ಎನ್ನೋಣ.

ದೊಡ್ಡವರು ಬಡಗಿ. ಬೇಸಿಗೆಯ ಹುಲ್ಲುಗಾವಲಿಗೆ ಹೋಗುವವರ ಉಣ್ಣೆಯ ಡೇರೆಗಳಿಗೆ ಮರದ ಹಂದರ ಮಾಡಿಕೊಡುತ್ತಿದ್ದರು. ಅದರಲ್ಲೂ ತುಂದುಕ್ ಮಾಡುವುದರಲ್ಲಿ ಅವರದು ಎತ್ತಿದ ಕೈ. ತುಂದುಕ್ ಎಂದರೆ ಡೇರೆಯ ನೆತ್ತಿಯ ಮೇಲೆ ಕೂರುವ ದೊಡ್ಡ ಮರದ ಬಳೆ. ಒಳಗೆ ಬೆಳಕು ಬರುವುದೂ ಹೊಗೆ ಹೊರಹೋಗುವುದೂ ಅದರಿಂದಲೇ. ದೇಶದ ಬಾವುಟದ ನಡುವೆ ಕೂತಿರುವುದೂ ಅದೇ. ಬರ್ಚ್ ಮರವನ್ನು ಸೀಳದಂತೆ, ಮುರಿಯದಂತೆ, ಕಣ್ಣಿಗೆ ಗಂಟು ಕಾಣದಂತೆ ದುಂಡಗೆ ಬಗ್ಗಿಸುವುದು ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ. ಕಾಲಿಪಾ ಮದುವೆಯಾಗಿ ಬರುವ ಹೊತ್ತಿಗೆ ದೊಡ್ಡವರು ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ಅವರು ಮಾಡಿದ ಕೊನೆಯ ತುಂದುಕ್ ಕೊಟ್ಟಿಗೆಯ ಗೋಡೆಗೆ ಒರಗಿಕೊಂಡಿತ್ತು.

ಊರಿನ ಹಳೆಯ ಕ್ಲಬ್ಬಿನ ಎರಡು ಕೋಣೆಗಳಲ್ಲಿ ಮ್ಯೂಸಿಯಂ ತೆರೆದಾಗ ಇತಿಹಾಸ ಓದಿದ ಸೊಸೆ ಎಂದು ಕಾಲಿಪಾಳಿಗೆ ಕೆಲಸ ಸಿಕ್ಕಿತು. ಸೊಸೆಯ ಮಾನ ಉಳಿಯಲೆಂದು ಬುರುಲ್ ಅಪಾ ಆ ತುಂದುಕ್ಕನ್ನು ಮ್ಯೂಸಿಯಂಗೆ ಕೊಟ್ಟರು. ಅಂದಿನ ನಿರ್ದೇಶಕರು ಸಂಜೆಯೊಳಗೆ ಕಾರ್ಡು ಬರೆದು ಮುಗಿಸು ಎಂದು ಹೇಳಿ ಹೋದರು. ಕಾಲಿಪಾ ಅಳತೆ ಬರೆದಳು, ಮರ ಬರೆದಳು, ಸುಮಾರು ಯಾವ ವರ್ಷದ್ದು ಎಂದು ಬರೆದಳು. 'ಮಾಡಿದವರು' ಎಂಬ ಸಾಲಿಗೆ ಬಂದಾಗ ಕೈ ನಿಂತಿತು. ಬಾಯಲ್ಲಿ ಹೇಳಬಾರದ್ದನ್ನು ಕೈಯಲ್ಲಿ ಬರೆಯಬಹುದೇ ಎಂದು ಕೇಳೋಣವೆಂದರೆ ಕೇಳುವುದಕ್ಕೂ ಆ ಹೆಸರು ಹೇಳಬೇಕಲ್ಲ. ಮದುವೆಯಾಗಿ ಎರಡು ವರ್ಷವಾಗಿತ್ತು, ಅತ್ತೆಯ ಕಣ್ಣಿನಲ್ಲಿ ಇನ್ನೂ ಪರೀಕ್ಷೆ ನಡೆಯುತ್ತಿತ್ತು. 'ಜನಪದ ಕುಶಲಕರ್ಮಿ, ಹೆಸರು ತಿಳಿದಿಲ್ಲ' ಎಂದು ಬರೆದಳು. ಅದನ್ನೇ ದಾಖಲೆ ಪುಸ್ತಕಕ್ಕೂ ಏರಿಸಿದಳು. ಗಂಡ ಒಂದು ದಿನ ಬಂದು ತಿದ್ದುತ್ತಾನೆ ಎಂದುಕೊಂಡಳು. ಅವನು 'ನಾಳೆ ಬರ್ತೀನಿ ಬಿಡು' ಎಂದ. ಆ ನಾಳೆಗಳು ಅವನು ಸಾಯುವ ತನಕ ಸಾಲಾಗಿ ಬಂದವು, ಅವನು ಬರಲಿಲ್ಲ.

ಇದು ದೊಡ್ಡ ತಪ್ಪು ಎಂದು ಆಗ ಯಾರಿಗೂ ಅನ್ನಿಸಲಿಲ್ಲ. ಅನ್ನಿಸದಿದ್ದುದಕ್ಕೆ ಕಾರಣ ಇತ್ತು. ಸೋವಿಯತ್ ಬಾವುಟ ಇಳಿದ ಮೇಲೆ ಶಾಲೆಗಳ ಪಠ್ಯ ಬದಲಾಯಿತು. ತರಗತಿಯಲ್ಲಿ ಲೆನಿನ್ ಚಿತ್ರವಿದ್ದ ಮೂಲೆ ಖಾಲಿಯಾಯಿತು, ಐದನೇ ತರಗತಿಗೆ ವಾರಕ್ಕೊಮ್ಮೆ 'ನಮ್ಮ ನಾಡು' ಎಂಬ ಪಾಠ ಬಂತು. ಪಾಠ ಬಂದರೂ ಪುಸ್ತಕ ಬರಲಿಲ್ಲ. ಪುಸ್ತಕವಿಲ್ಲದ ಮೇಷ್ಟ್ರುಗಳು ಏನು ಮಾಡಬೇಕು? ಮಕ್ಕಳನ್ನು ಸಾಲು ಕಟ್ಟಿಸಿ ಕಾಲಿಪಾಳ ಬಳಿ ಅಟ್ಟಿದರು. ಹಾಗೆ ಶುರುವಾದದ್ದು ಪದ್ಧತಿಯೇ ಆಗಿ, ಗುರುವಾರ ಬಂತೆಂದರೆ ಊರಿನ ಮೂರು ಶಾಲೆಗಳಲ್ಲಿ ಒಂದರ ಐದನೇ ತರಗತಿ ಮ್ಯೂಸಿಯಂ ಬಾಗಿಲಲ್ಲಿ ಹಾಜರು. ಮೂವತ್ತು ವರ್ಷ ಹೀಗೆ ನಡೆಯಿತು.

ಎಲ್ಲ ನೋಡಿ ಮುಗಿದ ಮೇಲೆ ಕಾಲಿಪಾ ಮಕ್ಕಳನ್ನು ತುಂದುಕ್ಕಿನ ಕೆಳಗೆ ನಿಲ್ಲಿಸುತ್ತಿದ್ದಳು. 'ಇದು ಯಾರ ಕೈಕೆಲಸ?' ಎಂದು ಕೇಳುತ್ತಿದ್ದಳು. ಅವಳು ಹೇಳುವ ಹಾಗಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಹಾಗಾಗಿ ಹೇಳುವ ಹಕ್ಕು ಮಕ್ಕಳದಾಯಿತು. ಇಪ್ಪತ್ತು ಇಪ್ಪತ್ತೈದು ಗಂಟಲು ಒಟ್ಟಿಗೆ ಆ ಹೆಸರನ್ನು ಕೂಗುತ್ತಿದ್ದವು. ಅವಳು ಎರಡೂ ಕಿವಿ ಮುಚ್ಚಿಕೊಂಡು, 'ಅಯ್ಯೋ ನಿಮ್ಮ ಮನೆ ಕಾಯ, ನಮ್ಮತ್ತೆಗೆ ಕೇಳಿಸುತ್ತೆ' ಎಂದು ನಗುತ್ತಿದ್ದಳು. ಐದನೇ ತರಗತಿಗೆ ಹೋಗುವ ತಮ್ಮ ತಂಗಿಯರಿಗೆ ಅಣ್ಣಂದಿರು, ಅಲ್ಲಿ ಜೋರಾಗಿ ಕೂಗಬೇಕು ಎಂದು ಮೊದಲೇ ಹೇಳಿಕೊಟ್ಟಿರುತ್ತಿದ್ದರು. ಕಾರ್ಡಿನಲ್ಲಿ ಏನು ಬರೆದಿದೆ ಎಂದು ಯಾರು ಓದುತ್ತಾರೆ? ಹೆಸರು ಊರಿನ ಬಾಯಲ್ಲಿ ಕ್ಷೇಮವಾಗಿತ್ತು. ನಿಜ ಹೇಳಬೇಕೆಂದರೆ ಕಾಲಿಪಾಳಿಗೆ ತನ್ನ ಕೆಲಸದಲ್ಲಿ ಅತ್ಯಂತ ಇಷ್ಟವಾದ ಗಳಿಗೆ ಅದೇ ಆಗಿತ್ತು.

ಎರಡು ವರ್ಷದ ಹಿಂದೆ ಪಠ್ಯಕ್ರಮ ಮತ್ತೆ ಬದಲಾಯಿತು. ರಾಜಧಾನಿ ಬಿಷ್ಕೆಕ್‌ನಿಂದ ಬಂದ ಹೊಸ ವೇಳಾಪಟ್ಟಿಯಲ್ಲಿ 'ನಮ್ಮ ನಾಡು' ಇರಲಿಲ್ಲ. ಅದನ್ನು ಬೇರೆ ಎರಡು ವಿಷಯಗಳ ಜೊತೆ ಸೇರಿಸಿ ಒಂದೇ ದಪ್ಪ ಪುಸ್ತಕ ಮಾಡಿದ್ದರು. ದೇಶದ ಎಲ್ಲ ಮಕ್ಕಳಿಗೂ ಒಂದೇ ಪಾಠ, ಒಂದೇ ಪರೀಕ್ಷೆ. ಒಳ್ಳೆಯ ಬಣ್ಣದ ಪುಸ್ತಕವೇ, ಇಲ್ಲವೆನ್ನಲಾಗದು. ಮ್ಯೂಸಿಯಂಗೆ ಹೋಗುವುದರ ಬದಲು 'ಪರದೆಯ ಮೇಲೆ ಭೇಟಿ' ಎಂಬ ಅಭ್ಯಾಸ ಇತ್ತು. ಶಾಲೆಯ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ದೇಶದ ನಲವತ್ತು ಮ್ಯೂಸಿಯಂಗಳನ್ನು ಮಕ್ಕಳು ಚಳಿಯಲ್ಲಿ ನಡುಗದೆ ನೋಡಬಹುದು. ಅದು ಬಿಟ್ಟು ನಿಜವಾದ ಬಾಗಿಲು ದಾಟಿಸಬೇಕೆಂದರೆ ಮೇಷ್ಟ್ರು ಮೂರು ಕಡೆ ಸಹಿ ಹಾಕಿಸಬೇಕು. ಯಾವ ಮೇಷ್ಟ್ರಿಗೆ ಬೇಕಾಗಿದೆ? ಕಾಲಿಪಾಳ ಗುರುವಾರಗಳು ಖಾಲಿಯಾದವು. ಮೊದಲ ತಿಂಗಳು ಅವಳು ಎಂದಿನಂತೆ ಬೆಳಿಗ್ಗೆಯೇ ಒಲೆ ಹೊತ್ತಿಸಿ ಕಾದಳು. ಆಮೇಲೆ ಕಲ್ಲಿನ ಬೊಂಬೆಯ ಧೂಳನ್ನು ಒಬ್ಬಳೇ ಒರೆಸಿದಳು. ಆ ಇಡೀ ಚಳಿಗಾಲದಲ್ಲಿ ಬಂದ ಮಕ್ಕಳು ಹನ್ನೊಂದು, ಅದರಲ್ಲೂ ನಾಲ್ವರು ಮೂತ್ರಕ್ಕೆಂದು ಒಳಗೆ ಬಂದವರು.

ಹಾಗೆಂದು ಅವಳು ಹೊಸ ಪುಸ್ತಕವನ್ನು ಶಪಿಸಿದವಳಲ್ಲ. ಪುಸ್ತಕ ತಯಾರಿಸುವವರು ಎಲ್ಲ ಮ್ಯೂಸಿಯಂಗಳಿಂದ ಫೋಟೊ ಮತ್ತು ವಿವರ ಕೇಳಿದ್ದಾಗ ತುಂದುಕ್ಕನ್ನು ಕಿಟಕಿಯ ಬಳಿ ಇಟ್ಟು, ಒಳ್ಳೆಯ ಬೆಳಕಿಗೆ ಕಾದು, ಫೋಟೊ ತೆಗೆಸಿ, ಕಾರ್ಡಿನ ನಕಲು ಮಾಡಿ ಕಳಿಸಿದವಳೂ ಅವಳೇ. ಸೆಪ್ಟೆಂಬರಿನಲ್ಲಿ ಪುಸ್ತಕ ಬಂದಾಗ ಅರವತ್ತೊಂದನೇ ಪುಟದ ತುಂಬ ತಮ್ಮ ಮನೆಯ ತುಂದುಕ್. ಮೊಮ್ಮಗಳು ಬೆಗಿಮಾಯ್‌ಳ ಪುಸ್ತಕವನ್ನು ಚಹಾದ ಮೇಜಿನ ಮೇಲೆ ಬಿಡಿಸಿ ಅತ್ತೆಗೆ ತೋರಿಸಿದಳು. ಬುರುಲ್ ಅಪಾ ಎಂಬತ್ತನಾಲ್ಕರ ಕೈಯನ್ನು ಮೊದಲು ಒರೆಸಿಕೊಂಡು ಆಮೇಲೆ ಪುಟ ಮುಟ್ಟಿದರು. ಅವರು ಅಂದು ಇಡೀ ದಿನ ಯಾರನ್ನೂ ಬೈಯಲಿಲ್ಲ. ಚಿತ್ರದ ಕೆಳಗಿನ ಸಣ್ಣ ಅಕ್ಷರವನ್ನು ಯಾರೂ ಓದಲಿಲ್ಲ.

ನವೆಂಬರಿನಲ್ಲಿ ಬೆಗಿಮಾಯ್ ಪರೀಕ್ಷೆಯ ಹಾಳೆ ಹಿಡಿದು ಮನೆಗೆ ಬಂದಳು, ಮುಖ ಊದಿಕೊಂಡಿತ್ತು. ಹುಡುಗಿಗೆ ಹನ್ನೊಂದು ವರ್ಷ, ಕಾಲಿಪಾಳ ಮಗನ ಮಗಳು, ತರಗತಿಯಲ್ಲಿ ಮುಂದು. ಹದಿನಾಲ್ಕನೇ ಪ್ರಶ್ನೆ: ಅರವತ್ತೊಂದನೇ ಪುಟದ ತುಂದುಕ್ ಮಾಡಿದವರು ಯಾರು? ಅವಳು ತನ್ನ ಮುತ್ತಜ್ಜನ ಅಪ್ಪನ ಹೆಸರನ್ನು ದುಂಡಗೆ ಬರೆದಿದ್ದಳು. ಅದರ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ಸರಿಯುತ್ತರ: ಜನಪದ ಕುಶಲಕರ್ಮಿ, ಹೆಸರು ತಿಳಿದಿಲ್ಲ.

ಒಂದು ಅಂಕ ಹೋದದ್ದಕ್ಕೆ ಅವಳು ಅಳುತ್ತಿರಲಿಲ್ಲ. ಉಳಿದ ಇಪ್ಪತ್ತನಾಲ್ಕು ಮಕ್ಕಳೂ 'ತಿಳಿದಿಲ್ಲ' ಎಂದು ಬರೆದು ಅಂಕ ತೆಗೆದುಕೊಂಡಿದ್ದರು. ಪಕ್ಕದ ಬೆಂಚಿನವಳು, ಪುಸ್ತಕದಲ್ಲಿ ಇಲ್ಲದ ತಾತನನ್ನು ನೀನೇ ಹುಟ್ಟಿಸಿಕೊಂಡೆ ಎಂದು ಆಡಿಕೊಂಡಿದ್ದಳಂತೆ. ಕಾಲಿಪಾ ಹಾಳೆಯನ್ನು ಎರಡು ಸಲ ಓದಿದಳು. ಇಪ್ಪತ್ತನಾಲ್ಕು ಮಕ್ಕಳಲ್ಲಿ ಒಂದಕ್ಕೂ ಗೊತ್ತಿಲ್ಲವೇ ಎಂಬುದೇ ಅವಳಿಗೆ ಚುಚ್ಚಿತು. ಆಮೇಲೆ, ಅವರನ್ನು ತಾನು ಯಾವಾಗ ಕೂಗಿಸಿದ್ದೆ ಎಂದು ನೆನಪಿಸಿಕೊಂಡಳು. ಆ ಮಕ್ಕಳಲ್ಲಿ ಯಾರೂ ಮ್ಯೂಸಿಯಂ ಬಾಗಿಲು ನೋಡಿರಲಿಲ್ಲ.

ಮರುದಿನ ಶಾಲೆಗೆ ಹೋದಳು. ಪಾಠದ ಮೇಷ್ಟ್ರು ಕುಬಾನ್, ಮೂವತ್ತೈದರ ಗಂಡಸು. ಅವನೂ ಒಂದು ಕಾಲಕ್ಕೆ ಅವಳ ಐದನೇ ತರಗತಿಯವನೇ. ಊರಿನ ಮಕ್ಕಳೆಲ್ಲ ಎಜೆ, ಅಂದರೆ ಅಕ್ಕ, ಎಂದು ಕರೆಯುವ ಅವಳನ್ನು ಕಂಡೊಡನೆ ಎದ್ದು ನಿಂತು, ಕುರ್ಚಿ ಎಳೆದು ಕೊಟ್ಟು, ತಾನು ತಪ್ಪು ಮಾಡಿದ ಹುಡುಗನ ಹಾಗೆ ನಿಂತುಕೊಂಡ.

"ನಿಂಗೂ ಗೊತ್ತಿಲ್ವೇನೋ ಕುಬಾನ್? ನೀನು ಕೂಗಿದ್ದು ಇವತ್ತಿಗೂ ನನ್ನ ಕಿವೀಲಿ ಗುಂಯ್ ಅನ್ನುತ್ತೆ."

"ಗೊತ್ತಿಲ್ದೆ ಏನು ಎಜೆ. ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಾನೇ. ಆದ್ರೆ ಉತ್ತರದ ಹಾಳೆ ಬಿಷ್ಕೆಕ್‌ನಿಂದ ಬರುತ್ತೆ. ಇದಕ್ಕೆ ಒಂದು ಅಂಕ ಕೊಟ್ರೆ ನಾಳೆ ತಪಾಸಣೆಗೆ ಬಂದೋರು ನನ್ನ ಕೇಳ್ತಾರೆ, ಪುಸ್ತಕ ಸರೀನಾ ನೀನು ಸರೀನಾ ಅಂತ."

"ಪುಸ್ತಕ ತಪ್ಪು ಅಂತ ಹೇಳು."

ಕುಬಾನ್ ಪುಸ್ತಕ ತೆಗೆದು, ಪುಟದ ಅಡಿಯಲ್ಲಿದ್ದ ಇರುವೆಯಂಥ ಅಕ್ಷರದ ಮೇಲೆ ಬೆರಳಿಟ್ಟ. ಆಧಾರ: ಕೋಕ್-ಬುಲುಂಗ್ ಮ್ಯೂಸಿಯಂ ದಾಖಲೆ ಪುಸ್ತಕ, ಸಂಖ್ಯೆ ಹದಿನೇಳು.

"ಅವರು ಏನೂ ತಾವಾಗಿ ಸೇರಿಸಿಲ್ಲ ಎಜೆ. ನಿಮ್ಮದೇ ಅಕ್ಷರ ಇದು," ಎಂದ.

ಬೇರೆ ಯಾರ ಮೇಲಾದರೂ ಹರಿಹಾಯಬೇಕೆಂದು ಕಾಲಿಪಾ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಪುಸ್ತಕ ಮುಚ್ಚಿ ಕುಬಾನ್ ಕಡೆ ಸರಿಸಿದಳು. ಮಾಡಿದ್ದುಣ್ಣೋ ಮಹರಾಯ ಎಂದು ತನಗೆ ತಾನೇ ಹೇಳಿಕೊಂಡು ಮನೆಗೆ ಬಂದಳು. ಮುಚ್ಚಿಟ್ಟದ್ದು ಗೌರವಕ್ಕೆಂದು, ಆದದ್ದು ಏನು? ಮನೆಯ ಹಿರಿಯನ ಮೇಲೆ ಸೊಸೆ ಹಾಕಿದ ಮುಸುಕು ಈಗ ದೇಶದ ಅಷ್ಟೂ ಐದನೇ ತರಗತಿಗಳ ಪುಸ್ತಕದಲ್ಲಿ ಅಚ್ಚಾಗಿತ್ತು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಮಗ ಆ ಹೆಸರು ಹೇಳಬಲ್ಲ, ಮೊಮ್ಮಗಳು ಹೇಳಬಲ್ಲಳು. ಆದರೆ ಇನ್ನು ಹತ್ತು ವರ್ಷಕ್ಕೆ ಈ ಊರಿನ ಬೀದಿಯಲ್ಲಿ ಹೆಸರು ಹೇಳಿದರೆ, ಅದು ಯಾರು ಎಂದು ಕೇಳುವವರೇ ಇರುತ್ತಾರೆ.

ಅವಳು ಪುಸ್ತಕ ತಯಾರಿಸುವ ಕಚೇರಿಗೆ ಪತ್ರ ಬರೆದಳು. ತಪ್ಪು ತನ್ನದು ಎಂದು ಒಪ್ಪಿಕೊಂಡಳು. ಪತ್ರದಲ್ಲಿ ಹೆಸರು ಬರೆಯುವ ಜಾಗ ಖಾಲಿ ಬಿಟ್ಟಳು, ಅದನ್ನು ಮಗ ತುಂಬಿದ. ಐದು ವಾರದ ನಂತರ ಮರ್ಯಾದಸ್ಥ ಉತ್ತರ ಬಂತು. ಏಪ್ರಿಲಿನಲ್ಲಿ ಪುಸ್ತಕ ಮರುಮುದ್ರಣಕ್ಕೆ ಹೋಗುತ್ತದೆ, ಅದು ತಪ್ಪಿದರೆ ಮುಂದಿನದು ಐದು ವರ್ಷಕ್ಕೆ. ತಿದ್ದಬೇಕಾದರೆ ಮೊದಲು ಮ್ಯೂಸಿಯಂನ ದಾಖಲೆ ಪುಸ್ತಕ ತಿದ್ದಬೇಕು. ಅದನ್ನು ತಿದ್ದಬೇಕಾದರೆ ಆ ವಸ್ತು ತಯಾರಾದದ್ದನ್ನು ಕಣ್ಣಾರೆ ಕಂಡವರು ಮೂವರ ಮುಂದೆ ತಮ್ಮ ಬಾಯಿಂದಲೇ ಮಾಡಿದವರ ಹೆಸರು ಹೇಳಬೇಕು, ಅದನ್ನು ಧ್ವನಿ ಮುದ್ರಿಸಿಕೊಂಡು ಕಳಿಸಬೇಕು. ಕುಟುಂಬದವರು ಕೇಳಿ ತಿಳಿದ ಮಾತು ಸಾಲದು. ಇಲ್ಲದಿದ್ದರೆ ಎಲ್ಲರೂ ತಮ್ಮ ತಮ್ಮ ತಾತಂದಿರ ಹೆಸರು ತಂದು ಸುರಿಯುತ್ತಾರೆ ಎಂಬ ಅವರ ಮಾತೂ ಸುಳ್ಳಲ್ಲ.

ಕಣ್ಣಾರೆ ಕಂಡವರು ಎಂದರೆ ಯಾರು? ದೊಡ್ಡವರ ಜೊತೆ ಕೆಲಸ ಮಾಡಿದವರು, ಮರ ತಂದುಕೊಟ್ಟವರು ಎಲ್ಲರೂ ಗುಡ್ಡದ ಮೇಲಿನ ಮಣ್ಣಿನ ಗೋರಿಗಳಲ್ಲಿ ಮಲಗಿದ್ದರು. ಉಳಿದಿದ್ದವರು ಒಬ್ಬರೇ, ಬುರುಲ್ ಅಪಾ. ದೊಡ್ಡವರ ಸೊಸೆ. ಹದಿನೆಂಟನೇ ವಯಸ್ಸಿಗೆ ಆ ಮನೆ ಹೊಕ್ಕು, ಹನ್ನೊಂದು ವರ್ಷ ಮಾವನಿಗೆ ಬಡಿಸಿ, ಅರವತ್ತಾರು ವರ್ಷದಲ್ಲಿ ಒಮ್ಮೆಯೂ ಆ ಹೆಸರು ಎತ್ತದವರು. ಕಾಲಿಪಾಳಾದರೂ ಕಿವಿ ಮುಚ್ಚಿಕೊಂಡು ನಗುತ್ತಿದ್ದಳು. ಬುರುಲ್ ಅಪಾ ಆ ಹೆಸರಿನವನೇ ಆದ ಪಕ್ಕದ ಊರಿನ ಪಶುವೈದ್ಯನನ್ನು ಜೀವನಪೂರ್ತಿ 'ಸೂಜಿಯವನು' ಎಂದೇ ಕರೆದವರು.

ಕಾಲಿಪಾ ಮೂರು ದಿನ ಹಿಂಜರಿದಳು. ನಾಲ್ಕನೇ ದಿನ ಬೋರ್ಸೋಕ್ ಎಂಬ ಹಿಟ್ಟಿನ ತಿಂಡಿ ಕರಿದು, ಹಾಲು ಹಾಕಿದ ಚಹಾ ಬಗ್ಗಿಸಿ ಕೊಟ್ಟು, ಅತ್ತೆಯ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೂವತ್ತೈದು ವರ್ಷದ ಹಿಂದೆ ಕಾರ್ಡಿನಲ್ಲಿ ತಾನು ಬರೆದದ್ದನ್ನೂ ಹೇಳಿದಳು. ಅತ್ತೆ ಕೊನೆಯವರೆಗೂ ಕೇಳಿಸಿಕೊಂಡು, ಚಹಾದ ಬಟ್ಟಲು ಕೆಳಗಿಟ್ಟರು.

"ಈ ನಾಲಿಗೇನ ನಾನು ಅರವತ್ತಾರು ವರ್ಷ ಕಾಪಾಡಿಕೊಂಡು ಬಂದಿದೀನಿ. ಈಗ ಗೋರಿ ಬಾಯಲ್ಲಿ ನಿಲ್ಲಿಸಿ ಅದನ್ನ ಕೆಡಿಸು ಅಂತೀಯಾ?"

"ಇಲ್ಲ ಅಪಾ. ಕೇಳಬೇಕು ಅನ್ನಿಸ್ತು, ಕೇಳಿದೆ."

"ಕೇಳಿದ್ಯಲ್ಲ. ಆಯ್ತು, ಎದ್ದು ಒಲೆ ನೋಡು."

ಕಾಲಿಪಾ ಎದ್ದು ಒಲೆ ನೋಡಿದಳು. ಅವಳು ಒತ್ತಾಯ ಮಾಡಲಿಲ್ಲ. ಅತ್ತೆಗೆ ಆ ಹೆಸರು ಹೇಳದಿರುವುದು ಬರೀ ಕಟ್ಟುಪಾಡಾಗಿರಲಿಲ್ಲ, ಅದು ಅವರು ಜೀವಮಾನದಲ್ಲಿ ಗಳಿಸಿದ ಹೆಚ್ಚುಕಡಿಮೆ ಒಂದೇ ಆಸ್ತಿ. ಊರಿನಲ್ಲಿ ಯಾವುದಾದರೂ ಮದುವೆಯಲ್ಲಿ ಹೊಸ ಸೊಸೆಗೆ ಬುದ್ಧಿ ಹೇಳಬೇಕಾದರೆ ಹೆಂಗಸರು ಬುರುಲ್ ಅಪಾ ಅವರ ಕಡೆ ಬೆರಳು ತೋರಿಸುತ್ತಿದ್ದರು. ಅದನ್ನು ಕಳೆದುಕೊಳ್ಳಿ ಎಂದು ಯಾವ ಬಾಯಲ್ಲಿ ಮತ್ತೆ ಕೇಳುವುದು? ಫೆಬ್ರವರಿ ಮುಗಿಯಿತು. ಅತ್ತೆಗೆ ಕೆಮ್ಮು ಹಿಡಿಯಿತು. ಕಾಲಿಪಾ ಕುರಿಬಾಲದ ಕೊಬ್ಬು ಕರಗಿಸಿ ಎದೆಗೆ ಹಚ್ಚುವಾಗ, ಇವರ ಜೊತೆಗೆ ಆ ಮಾತೂ ಹೋಗುತ್ತದೆ ಎಂದು ಯೋಚನೆ ಬಂದು, ಬಂದದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಕೆಮ್ಮು ಇಳಿದ ಮೇಲೆ ಒಂದು ಮಧ್ಯಾಹ್ನ ಬುರುಲ್ ಅಪಾ ಬಿಸಿಲು ಬೀಳುವ ಕಿಟಕಿಯ ಬಳಿ ಕೂತಿದ್ದರು. ಬೆಗಿಮಾಯ್ ಪಕ್ಕದಲ್ಲಿ ಮನೆಪಾಠ ಬರೆಯುತ್ತಿದ್ದಳು. ಕಾಲಿಪಾ ಒಳಗೆ ಹಿಟ್ಟು ನಾದುತ್ತಿದ್ದಳು. ಅತ್ತೆ ಮೊಮ್ಮಗನ ಮಗಳಿಗೆ, ಆ ಪುಟ ತೆಗೆ, ಕೆಳಗೆ ಏನು ಬರೆದಿದೆ ಓದು ಎಂದದ್ದು ಅವಳಿಗೆ ಕೇಳಿಸಿತು. ಹುಡುಗಿ ಓದಿದಳು.

"ಯಾರಿಗೆ ತಿಳಿದಿಲ್ಲ?" ಎಂದರು ಬುರುಲ್ ಅಪಾ.

"ಯಾರಿಗೂ, ಚೋನ್ ಅಪಾ," ಎಂದಳು ಹುಡುಗಿ ಮುತ್ತಜ್ಜಿಗೆ.

"ನಂಗೂನಾ?"

"ಪುಸ್ತಕದ ಪ್ರಕಾರ ನಿಮಗೂ ತಿಳಿದಿಲ್ಲ."

ಒಳಗೆ ಕಾಲಿಪಾಳ ಕೈ ಹಿಟ್ಟಿನಲ್ಲೇ ನಿಂತಿತು. ಆಮೇಲೆ ಅತ್ತೆ ಅವಳನ್ನು ಕರೆದರು. ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

"ನಾವು ಹೆಸರು ಹೇಳ್ದೆ ಇದ್ದಿದ್ದು ಯಾಕೆ ಹೇಳು? ಊರೆಲ್ಲ ಹೇಳ್ತಿತ್ತು, ಅದಕ್ಕೆ. ಎಲ್ಲರ ಬಾಯಲ್ಲೂ ಇರೋದನ್ನ ನಾವು ಒಬ್ಬರು ಹೇಳ್ದೆ ಇದ್ರೆ ಅದು ಮರ್ಯಾದೆ. ಯಾರ ಬಾಯಲ್ಲೂ ಇಲ್ದೆ ಇರೋದನ್ನ ನಾವೂ ಹೇಳ್ದೆ ಇದ್ರೆ?" ಅತ್ತೆ ಅಲ್ಲಿಗೇ ನಿಲ್ಲಿಸಿ ಕಿಟಕಿಯ ಕಡೆ ತಿರುಗಿದರು. "ಅದ್ಯಾರೋ ಮೂರು ಜನ ಅಂದ್ಯಲ್ಲ. ಕರೆಸು. ನನ್ನ ಬಿಳಿ ವಸ್ತ್ರ ಒಗೆದು ಇಸ್ತ್ರಿ ಮಾಡು."

ಮಕ್ಕಳನ್ನು ಮ್ಯೂಸಿಯಂಗೆ ಕರೆತರಲು ಬೇಕಾದ ಮೂರೂ ಸಹಿಗಳನ್ನು ಕುಬಾನ್ ಎರಡು ದಿನ ಓಡಾಡಿ ಹಾಕಿಸಿದ. ಸಾಕ್ಷಿ ಕೇಳುವ ಮೂವರಲ್ಲಿ ಅವನೊಬ್ಬ, ಗ್ರಂಥಾಲಯದ ಹೆಂಗಸೊಬ್ಬಳು, ಊರಿನ ಹಿರಿಯರೊಬ್ಬರು. ಅದರ ಜೊತೆಗೆ ಇಡೀ ಐದನೇ ತರಗತಿಯನ್ನೂ ಕರೆದುಕೊಂಡು ಬಂದ. ಮ್ಯೂಸಿಯಂನಲ್ಲಿ ಕಾಲಿಪಾ ಬೆಳಗಿನ ಜಾವದಿಂದಲೇ ಒಲೆಗೆ ಕಲ್ಲಿದ್ದಲು ತುಂಬಿದ್ದಳು. ಮಗ ಅಜ್ಜಿಯನ್ನು ಕಾರಿನಲ್ಲಿ ತಂದು ಇಳಿಸಿದ. ಬುರುಲ್ ಅಪಾ ಬಿಳಿ ವಸ್ತ್ರ ತಲೆಗೆ ಬಿಗಿದು, ಯಾರ ಕೈಯನ್ನೂ ಹಿಡಿಯದೆ ಒಳಗೆ ಬಂದು, ತುಂದುಕ್ಕಿನ ಎದುರು ಕುರ್ಚಿಯಲ್ಲಿ ಕೂತರು. ಗ್ರಂಥಾಲಯದ ಹೆಂಗಸು ತನ್ನ ಫೋನು ಅವರ ಮುಂದೆ ಇಟ್ಟಳು.

ಹೇಗೆ ಮಾಡಿದರು ಎಂದು ಮೊದಲು ಹೇಳಿ ಎಂದ ಕುಬಾನ್. ಅದಕ್ಕೆ ಅವರು ತಡವರಿಸಲಿಲ್ಲ. ಬರ್ಚ್ ಮರವನ್ನು ನದಿಯ ಆ ದಂಡೆಯಿಂದ ತಂದದ್ದು, ಅದನ್ನು ಎರಡು ಹಗಲು ಎರಡು ರಾತ್ರಿ ಕುರಿ ಹಿಕ್ಕೆಯ ಕಾವಿನಲ್ಲಿ ಹೂತಿಟ್ಟದ್ದು, ಮೆತ್ತಗಾದ ಮೇಲೆ ಗೂಟಗಳ ಸುತ್ತ ಬಗ್ಗಿಸಿದ್ದು, ಎಲ್ಲ ಹೇಳಿದರು. ಹಿಕ್ಕೆಯ ಬುಟ್ಟಿ ಹೊತ್ತವಳು ತಾನು, ಆಗ ಬಸುರಿ ಎಂದರು. ಮಾವ ಸೊಸೆಯ ಜೊತೆ ನೇರ ಮಾತಾಡುವ ಕಾಲ ಅದಲ್ಲ. ಹನ್ನೊಂದು ವರ್ಷದಲ್ಲಿ ಅವರು ತನ್ನೊಡನೆ ಆಡಿದ್ದು ಮೂರೋ ನಾಲ್ಕೋ ಮಾತು. ಅಂದು ಬುಟ್ಟಿ ಭಾರವಾಗಿದ್ದನ್ನು ನೋಡಿ, 'ಅರ್ಧ ತುಂಬು ಮಗಳೇ, ಎರಡು ಸಲ ಬಾ' ಎಂದಿದ್ದರು. ಅದನ್ನು ಹೇಳುವಾಗ ಬುರುಲ್ ಅಪಾ ಅವರ ದನಿ ಸ್ವಲ್ಪ ತಗ್ಗಿತು. ಮಕ್ಕಳು ಮಿಸುಕಾಡದೆ ಕೇಳುತ್ತಿದ್ದರು.

"ಅವರ ಹೆಸರು ಹೇಳಬೇಕು ಅಪಾ," ಎಂದ ಕುಬಾನ್, ತಾನೇ ತಪ್ಪು ಮಾಡುತ್ತಿರುವವನ ಹಾಗೆ ನೆಲ ನೋಡುತ್ತ.

ಬುರುಲ್ ಅಪಾ ಅವರ ತುಟಿ ಬಿಚ್ಚಿತು, ಮುಚ್ಚಿತು. ಊರಿನ ಹಿರಿಯರು ಮುಖ ಬೇರೆ ಕಡೆ ತಿರುಗಿಸಿಕೊಂಡರು, ಅವರಿಗೂ ನೋಡಲಾಗಲಿಲ್ಲ. ಕಾಲಿಪಾಳಿಗೆ ಅಳು ಬಂತು. ಸಾಕು, ಬೇಡ ಎಂದು ಹೇಳಿಬಿಡಬೇಕೆಂದು ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಅತ್ತೆ ಕುರ್ಚಿಯ ತೋಳು ಹಿಡಿದು ಎದ್ದು ನಿಂತರು. ತುಂದುಕ್ಕಿಗೆ ಎದುರಾಗಿ, ಎರಡೂ ಕೈ ಮಂಡಿಯ ಮೇಲಿಟ್ಟು, ಹೊಸ ಸೊಸೆ ಮಾವನ ಮುಂದೆ ಬಾಗುವ ಹಾಗೆ ಮೂರು ಸಲ ಬಾಗಿದರು. ಎಂಬತ್ತನಾಲ್ಕರ ಬೆನ್ನು, ಮೂರನೇ ಸಲ ಮೇಲೇಳಲು ತಡವಾಯಿತು.

"ಬೈಬೇಡಿ ಅತಾ," ಎಂದರು, ಅಪ್ಪನನ್ನು ಕರೆಯುವ ಮಾತಿನಲ್ಲಿ. ಆಮೇಲೆ ಫೋನಿನ ಕಡೆ ತಿರುಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. "ಸಾರಿಬಾಯ್ ಮಗ ಬೇಕ್ತೆನ್. ಮಾಡಿದ್ದು ಅವರು. ನಾನು ನೋಡಿದೀನಿ."

ಬುರುಲ್ ಅಪಾ ಮತ್ತೆ ಕೂತು, ಸೊಸೆಯನ್ನು ಹುಡುಕಿ ನೋಡಿದರು.

"ನಿಂತುಕೊಂಡು ಏನು ನೋಡ್ತೀಯಾ? ತಪ್ಪು ಬರೆದೋಳು ನೀನು, ಸರಿ ಬರೆಯೋಳೂ ನೀನೇ. ಪುಸ್ತಕ ತೆಗಿ. ಬರೆಯೋವಾಗ ಬಾಯಲ್ಲೂ ಹೇಳು, ಮಕ್ಕಳಿಗೆ ಗೊತ್ತಾಗಲಿ."

ಕಾಲಿಪಾ ದಾಖಲೆ ಪುಸ್ತಕ ತೆಗೆದಳು. ಹದಿನೇಳನೇ ಸಂಖ್ಯೆಯಲ್ಲಿ ಇಪ್ಪತ್ತೆರಡರ ಹುಡುಗಿಯ ಅಚ್ಚುಕಟ್ಟಾದ ಅಕ್ಷರ ಇತ್ತು. ಅದರ ಮೇಲೆ ಒಂದು ಗೆರೆ ಎಳೆದಳು. ಮಕ್ಕಳೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಬರೆಯುತ್ತ ಹೇಳಿದಳು, ಗಾಳಿಯಷ್ಟು ಸಣ್ಣ ದನಿ ಹೊರಟಿತು.

"ಕೇಳಿಸ್ಲಿಲ್ಲ ಎಜೆ," ಎಂದ ಹಿಂದಿನ ಸಾಲಿನ ಹುಡುಗ.

"ಬೇಕ್ತೆನ್," ಎಂದಳು ಕಾಲಿಪಾ, ಬಾಗಿಲ ಹೊರಗೆ ನಿಂತವರಿಗೂ ಕೇಳಿಸುವ ಹಾಗೆ. "ಬರ್ಕೊಳ್ಳಿ."